ಐದು ನಿಮಿಷಕ್ಕೊಂದು ಚಿತ್ರ

ಲಿಯೆಪಾಯಾದಲ್ಲಿ ಗಾಳಿಗೆ ರಜೆಯಿಲ್ಲ.
ಹಳೆಯ ಹಗ್ಗದ ಕಾರ್ಖಾನೆಯ ನೆಲಮಾಳಿಗೆಯಲ್ಲಿ
ನೀರು ಸರಬರಾಜಿನವರ ಮೂರು ಯಂತ್ರಗಳು
ಒಂದೇ ಶ್ರುತಿಯಲ್ಲಿ ಗುಂಯ್ ಅನ್ನುತ್ತಿರುತ್ತವೆ.

ಅಲ್ಲೇ ಕೂತು ವಿಜ್ಮಾ ಕ್ರೂಕ್ಲೀತೆ
ಹನ್ನೊಂದು ವರ್ಷದ ಕೆಳಗೆ, ಒಂದು ನವೆಂಬರ್ ಸಂಜೆ,
ಬೆರಳತುದಿ ಕತ್ತರಿಸಿದ ಕೈಗವಸು ತೊಟ್ಟು
ನಲವತ್ತು ಸಾಲು ಬರೆದಳು:
ಐದು ನಿಮಿಷಕ್ಕೊಮ್ಮೆ ಏಳು,
ಯಂತ್ರದ ನಾಡಿ ಹಿಡಿ,
ಸಿಕ್ಕ ಅಂಕಿಯನ್ನು ಗೆರೆಗೆ ಪೋಣಿಸು,
ಗೆರೆಯ ಕೆಳಗೆ ಹಸಿರು ತುಂಬು,
ಹಳೆಯ ಚಿತ್ರದ ಜಾಗದಲ್ಲಿ ಹೊಸದನ್ನಿಡು,
ಮಲಗು.

ಅಷ್ಟೇ. ಕುಂಚವಿಲ್ಲ, ಕೈನಡುಕವಿಲ್ಲ.
ದಿನಕ್ಕೆ ಇನ್ನೂರ ಎಂಬತ್ತೆಂಟು ಚಿತ್ರ,
ಎಲ್ಲಕ್ಕೂ ಒಂದೇ ಹೆಸರು.
ಬಂದದ್ದು ಇದ್ದದ್ದನ್ನು ಅಳಿಸಿಯೇ ಬರಬೇಕು.

ಕೆಲಸಕ್ಕೆ ಸೇರಿದ ವಾರವೇ ಕೇಳಿದ್ದೆ:
'ಇದನ್ನು ಯಾರು ನೋಡುತ್ತಾರೆ?'
ಅವಳು ಚಹಾದ ಲೋಟದ ಅಂಚು ಒರೆಸುತ್ತ ಹೇಳಿದಳು:
'ಗೊತ್ತಿಲ್ಲ. ನೋಡುವವರಿಗೆ ಕಾದು ಕೂತರೆ
ಬರೆಯುವುದು ಯಾವಾಗ?'

ಜನವರಿಯ ಬಿರುಗಾಳಿಗೆ ತಂತಿ ಹರಿದು
ನಲವತ್ತು ನಿಮಿಷ ಊರೇ ಕಪ್ಪು.
ಹಸಿರು ಗುಡ್ಡದ ನಡುವೆ ಬಿಳಿಯ ಬಿರುಕು.
ಅಂದ ಕೆಟ್ಟಿತೆಂದು ನಾನು ಅಲ್ಲಿ ಸೊನ್ನೆ ತುಂಬಿದೆ.
ಅವಳು ಗದರಿದ್ದು ಅದೊಂದೇ ಸಲ.
'ಸೊನ್ನೆ ಅಂದರೆ, ನೋಡಿದೆ, ಏನೂ ಇರಲಿಲ್ಲ.
ಖಾಲಿ ಅಂದರೆ, ನಾನು ನೋಡಲೇ ಇಲ್ಲ.
ಕಾಣದ್ದಕ್ಕೆ ಸಾಕ್ಷಿ ಹೇಳಬೇಡ, ಹುಡುಗ.'
ಬಿರುಕನ್ನು ಬಿರುಕಾಗಿಯೇ ತಿರುಗಿ ಇಟ್ಟೆ.

ಆ ಬೆಳಿಗ್ಗೆಯೇ ಒಬ್ಬ ಮೆಟ್ಟಿಲಿಳಿದು ಬಂದ.
ಮೊಣಕೈವರೆಗೆ ಹಿಟ್ಟು, ಕಂಕುಳಲ್ಲಿ ಕರಕಾದ ಬ್ರೆಡ್ಡು.
'ನಾನು ತಾಲಿವಾಲ್ದಿಸ್. ಎದುರುಗಡೆ ಬೇಕರಿ.
ನಿಮ್ಮ ಗುಡ್ಡ ಎಲ್ಲಿ ಹೋಯಿತು?'

ತಿಳಿದದ್ದಿಷ್ಟು:
ಊರಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ
ಮೀಟರು ಎಚ್ಚರಾಗಿ ನಮಗೆ ಲೆಕ್ಕ ಕಳಿಸುತ್ತದೆ,
ಲೆಕ್ಕ ಹೆಚ್ಚಿದಂತೆ ಯಂತ್ರ ಏದುಸಿರು ಬಿಡುತ್ತದೆ,
ಗುಡ್ಡ ಏರತೊಡಗುತ್ತದೆ.
ಇವನು ಫೋನಿನಲ್ಲಿ ಅದನ್ನು ನೋಡಿ
ಊರು ಮುಖ ತೊಳೆಯುತ್ತಿದೆ ಎಂದರಿತು
ರೈ ಬ್ರೆಡ್ಡನ್ನು ಒಲೆಯಿಂದ ಇಳಿಸುತ್ತಾನೆ.
ಆರು ವರ್ಷದಿಂದ. ಗಡಿಯಾರವಿದ್ದೂ.
'ಗಡಿಯಾರಕ್ಕೆ ಭಾನುವಾರ ಗೊತ್ತಿಲ್ಲವಲ್ಲ' ಅಂದ.

ಹದಿನಾರು ಬ್ರೆಡ್ಡು ಸುಟ್ಟಿತ್ತು.
ತಂದ ಒಂದನ್ನು ವಿಜ್ಮಾ ಕೆರೆದು, ಬೆಣ್ಣೆ ಸವರಿ,
ಮೂವರಿಗೂ ಹಂಚಿದಳು.

ಪಕ್ಕದಲ್ಲೇ ಇದೆ ವರ್ಷದ ಚಿತ್ರ.
ಅಲ್ಲಿ ಐದು ನಿಮಿಷಗಳು ಗಂಟೆಯಲ್ಲಿ ಕರಗಿ,
ಗಂಟೆಗಳು ದಿನದಲ್ಲಿ ಕರಗಿ,
ಬಿರುಗಾಳಿಯ ರಾತ್ರಿ ಒಂದು ಗೀರೂ ಅಲ್ಲ.
ಆಗಸ್ಟಿನಲ್ಲಿ ದೊಡ್ಡ ಕೊಳವೆ ಒಡೆದು
ನೂರಕ್ಕೆ ತೊಂಬತ್ತೇಳರ ತನಕ ಯಂತ್ರ ಬೆವರಿತ್ತು;
ಸರಾಸರಿ ತಲೆ ಸವರಿ ಸವರಿ
ಮೂವತ್ತೊಂದಕ್ಕೆ ಕೂರಿಸಿಬಿಟ್ಟಿತ್ತು.
ವಿಜ್ಮಾ ಒಂದು ಸಾಲು ಸೇರಿಸಿದಳು.
ಈಗ ಹಸಿರಿನ ಮೇಲೊಂದು ಕೂದಲೆಳೆ ಕೆಂಪು:
ಆ ದಿನ ಅತಿ ಹೆಚ್ಚು ನೊಂದ ಕ್ಷಣ.

ಕಳೆದ ವಸಂತದಲ್ಲಿ ಅವಳು ನಿವೃತ್ತಳಾದಳು.
ಕಚೇರಿಗೆ ಹೊಳೆಯುವ ಹೊಸ ಪರದೆ ಬಂತು,
ಕ್ಷಣಕ್ಷಣಕ್ಕೂ ಕುಣಿಯುವ ಮುಳ್ಳುಗಳು,
ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡದ ಬಾಗಿಲು.
ಹಳೆಯದನ್ನು ತೆಗೆದುಹಾಕು ಎಂದು ಚೀಟಿಯೂ ಬಂತು.

ರಾತ್ರಿ ಪಾಳಿಯಲ್ಲಿ ಆ ಕಡತ ತೆರೆದೆ.
ನಲವತ್ತೊಂದು ಸಾಲು.
ಕೊನೆಯಲ್ಲಿ, ಯಂತ್ರ ಓದದ ಹಾಗೆ ಗುರುತು ಹಾಕಿ,
ನಮ್ಮಂಥವರಿಗೆಂದು ಇನ್ನೊಂದು:
'ಅಳಿಸುವ ಮುಂಚೆ ಬೇಕರಿಯಲ್ಲಿ ಕೇಳು.'

ಕೋಟು ಹಾಕಿಕೊಂಡು ರಸ್ತೆ ದಾಟಿದೆ.
ಬಾಗಿಲಿಗೆ ಅಗುಳಿ, ಒಳಗೆ ಹಳದಿ ಬೆಳಕು.
ಗಾಜಿನಾಚೆ ಅವನು, ಹಿಟ್ಟಿನ ಕೈಯಿಂದ
ಮೊಣಕೈಯಲ್ಲಿ ಫೋನನ್ನು ತನ್ನತ್ತ ತಿರುಗಿಸಿಕೊಳ್ಳುತ್ತಿದ್ದ.
ನಾಲ್ಕು ಗಂಟೆ ಐದು ನಿಮಿಷ.
ನಾನು ಬಾಗಿಲು ತಟ್ಟಲಿಲ್ಲ.